ನಾಲ್ಕು ಬಕೆಟ್ ಇಡಬಹುದು, ಬಂಗುಡೆ ಮೀನಿನ ತಲೆಗೆ ಎಂತ ಮಾಡುವುದು?

ಬಿಜೈ ಮೂರನೇ ಮಾಳಿಗೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

34 ವರ್ಷ ಬ್ಯಾಂಕಿನಲ್ಲಿ ಕೂತು ಹೋದ ವರ್ಷ ರಿಟೈರ್ ಆದೆ. ಮನೆಯಲ್ಲಿ ಸುಮ್ನೆ ಇದ್ದಾರಲ್ಲ ಅಂತ ನಮ್ಮ ಅಪಾರ್ಟ್‌ಮೆಂಟಿನವರು ನನ್ನನ್ನು ಕಾರ್ಯದರ್ಶಿ ಮಾಡಿಬಿಟ್ಟರು. ಮಂಗಳೂರಿನ ಬಿಜೈಯಲ್ಲಿ 24 ಮನೆಗಳ ಹಳೇ ಕಟ್ಟಡ. ಒಂದು ಲಿಫ್ಟು, ಒಂದು ಬಾವಿ, ಹಿಂದೆ ಕಾಂಪೌಂಡಿಗೆ ತಾಗಿ ನಾಲ್ಕು ತೆಂಗಿನ ಮರ. ಕಾರ್ಯದರ್ಶಿ ಅಂದರೆ ಲಿಫ್ಟಿನ ಬಿಲ್ಲು, ಪಂಪಿನ ರಿಪೇರಿ ಅಷ್ಟೇ ಅಂದುಕೊಂಡಿದ್ದೆ. ನನಗೆ ಬರುವ ಹತ್ತು ಫೋನಿನಲ್ಲಿ ಏಳು ಕಸದ್ದು.

ನಮ್ಮಲ್ಲಿ ಎರಡು ಡ್ರಮ್ಮು ಉಂಟು. ಬೇರೆ ದಿನ ಹಸಿಕಸ, ಶುಕ್ರವಾರ ಒಣಕಸ. ಕೇಳಲಿಕ್ಕೆ ಸುಲಭ. ಆದರೆ ಗುರುವಾರ ಸಂಜೆ ಯಾರಾದರೂ ಬಂಗುಡೆ ತಂದರೆ ಅದರ ತಲೆ, ಕರುಳು ಎಲ್ಲಾ ಶನಿವಾರ ಬೆಳಗ್ಗಿನ ತನಕ ನಮ್ಮ ಜೊತೆಯೇ ಇರುತ್ತದೆ. ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದ ಮೇಲಂತೂ ಬಂಗುಡೆ ಇಲ್ಲದ ಮನೆ ಇಲ್ಲ. ಹೊರಗೆ ಮಳೆ, ಒಳಗೆ ಮುಚ್ಚಿದ ಡ್ರಮ್ಮು, 36 ಗಂಟೆ. ಮುಂದಿನದ್ದು ಹೇಳುವುದು ಬೇಡ. ಒಮ್ಮೆ ಕೆಳಗಿನ ಮನೆಯವರು ಡ್ರಮ್ಮಿನ ಪಕ್ಕ ಊದುಬತ್ತಿ ಹಚ್ಚಿಟ್ಟಿದ್ದರು. ಯಾರೋ ಪೂಜೆ ಮಾಡಿದ್ದಾರೆ ಅಂತ ನಾನು ಚಪ್ಪಲಿ ಬಿಟ್ಟು ನಿಂತದ್ದೂ ಆಯಿತು.

ಒಂದು ಬೆಳಗ್ಗೆ ಏನಾಗುತ್ತದೆ ನೋಡುವ ಅಂತ ನಾನೇ ಕೆಳಗಿಳಿದೆ. ಗಾಡಿಯ ಜೊತೆ ಬರುವ ಹೆಂಗಸು ಡ್ರಮ್ಮಿಗೆ ಕೈ ಹಾಕಿ ಒಂದೊಂದೇ ತೆಗೆದು ತೋರಿಸಿದರು. ಬ್ರೆಡ್ ಪ್ಯಾಕೆಟಿನೊಳಗೆ ಮಗುವಿನ ಡೈಪರ್. ಅದರ ಕೆಳಗೆ ಅನ್ನ. ಅನ್ನದೊಳಗೆ ಒಡೆದ ಗ್ಲಾಸು. ಅವರ ಗ್ಲೌಸಿನ ತೋರುಬೆರಳು ಸೀಳಿ ಹೋಗಿತ್ತು, ಅದಕ್ಕೆ ಕರೆಂಟಿನವರ ಕಪ್ಪು ಟೇಪು ಸುತ್ತಿಕೊಂಡಿದ್ದರು. "ಅಮ್ಮ, ಅನ್ನ ನಾತ ಬಂದರೂ ಅಡ್ಡಿ ಇಲ್ಲ. ಗ್ಲಾಸು ಬೇರೆ ಇಡ್ಲಿಕ್ಕೆ ಹೇಳಿ" ಅಂದರು. ಆ ಡೈಪರ್ ಯಾವ ಮನೆಯದ್ದು ಅಂತ ನನಗೆ ಗೊತ್ತು. ಇಡೀ ಕಟ್ಟಡದಲ್ಲಿ ಡೈಪರ್ ಹಾಕುವ ಮಗು ಒಂದೇ. ಅದು ನನ್ನ ಮೊಮ್ಮಗ.

ಈಗ ಹೊಸ ವಿಷಯ. 2026ರ ಘನತ್ಯಾಜ್ಯ ನಿಯಮ ಏಪ್ರಿಲ್ 1ರಿಂದ ಜಾರಿ. ಹಸಿ, ಒಣ, ಆಮೇಲೆ ಡೈಪರ್-ಪ್ಯಾಡ್ ಬೇರೆ, ಬಲ್ಬು-ಬ್ಯಾಟರಿ-ಔಷಧಿ ಬೇರೆ, ಒಟ್ಟು ನಾಲ್ಕು ಭಾಗ. ಭಾನುವಾರ ನಮ್ಮ ಮೀಟಿಂಗ್ ಉಂಟು. ಅಷ್ಟರೊಳಗೆ ಒಂದು ಯಂತ್ರ ಮಾರುವವರು ಬಂದು ಹೋದರು. ಹಸಿಕಸ ಹಾಕಿ ಬಟನ್ ಒತ್ತಿದರೆ 24 ಗಂಟೆಯಲ್ಲಿ ಗೊಬ್ಬರ ಅಂತೆ. ರೇಟು ಎರಡು ಲಕ್ಷದ ಮೇಲೆ, ಕರೆಂಟು ಬೇರೆ. ಎರಡನೇ ಮಾಳಿಗೆಯ ಒಬ್ಬರು "ತೆಂಗಿನ ಮರದ ಹತ್ತಿರ ಗುಂಡಿ ತೋಡಿ ಹಾಕಿದರಾಯಿತು, ನಮ್ಮ ಅಜ್ಜಿ ಹಾಗೇ ಮಾಡುತ್ತಿದ್ದದ್ದು" ಅನ್ನುತ್ತಾರೆ.

ಯಂತ್ರ ಬೇಕಾ, ಗುಂಡಿ ಸಾಕಾ? ನಮ್ಮ ಮಳೆಯಲ್ಲಿ ಇದೆಲ್ಲ ನಡೆಯುತ್ತದಾ? ಎಲ್ಲಕ್ಕಿಂತ ಮುಖ್ಯ, ಮೀನಿನ ಕಸಕ್ಕೆ ಎಂತ ಮಾಡುವುದು? ಮಾಡಿ ಗೊತ್ತಿದ್ದವರು ಹೇಳಿ. ಯೂಟ್ಯೂಬ್ ನೋಡಿ ಆಗಿದೆ. ಅಲ್ಲಿ ಯಾರೂ ಮೀನು ತಿನ್ನುವುದಿಲ್ಲ.

ನೋಡಿ ಸಾಕಾದವ:

ಸುಮ್ನೆ ತಲೆಬಿಸಿ ಮಾಡಿಕೊಳ್ಳಬೇಡಿ ಮೇಡಂ. ನಾವು ಹಿಂದೆ ಇದ್ದ ಕಡೆ ಹಸಿ ಬೇರೆ ಒಣ ಬೇರೆ ಅಂತ ಕಟ್ಟಿ ಕೊಟ್ಟರೆ ಎರಡನ್ನೂ ಒಂದೇ ಗಾಡಿಗೆ ಸುರಿದು ಹೋದದ್ದನ್ನು ನಾನು ಬಾಲ್ಕನಿಯಿಂದ ನೋಡಿದ್ದೇನೆ. ಆ ದಿನದಿಂದ ನಾನೂ ಒಂದೇ ಚೀಲ. ನಾಲ್ಕು ಅಲ್ಲ, ನಲ್ವತ್ತು ಬಕೆಟ್ ಇಟ್ಟರೂ ಕಡೆಗೆ ಎಲ್ಲಾ ಊರಿನ ಕಸ ಸುರಿಯುವ ಪಚ್ಚನಾಡಿಗೇ ಅಲ್ವಾ?

ವಾಮಂಜೂರು ಬಸ್ಸು:

ಪಚ್ಚನಾಡಿಗೇ ಅಲ್ವಾ ಅಂತ ಎಷ್ಟು ಸಲೀಸಾಗಿ ಹೇಳಿದ್ರಿ ಮಾರಾಯ್ರೆ. ನಾನು ಆ ಕಡೆಯವ. ಪೇಟೆಯಲ್ಲಿರುವವರಿಗೆ ಪಚ್ಚನಾಡಿ ಅಂದರೆ ಪೇಪರಿನಲ್ಲಿ ಬರುವ ಒಂದು ಹೆಸರು. ನಮಗೆ ಅದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅನ್ನುವ ಲೆಕ್ಕ. ಮದುವೆ ಮಾತುಕತೆಗೆ ಜನ ಬರುವ ದಿನ ನಮ್ಮ ಮನೆಯಲ್ಲಿ ಮೊದಲು ಕಿಟಕಿ ನೋಡುತ್ತಾರೆ, ಆಮೇಲೆ ಜಾತಕ.

2019ರ ಆಗಸ್ಟ್ ನೆನಪುಂಟಾ? ಜೋರು ಮಳೆಗೆ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಅನ್ನುವ ಊರಿಗೆ ಇಳಿಯಿತು. ಮಣ್ಣಿನ ಗುಡ್ಡ ಜರಿದರೆ ಒಂದೇ ಸಲ ಧಡ್ ಅಂತ ಬಂದು ಮುಗಿಯುತ್ತದೆ. ಇದು ಹಾಗಲ್ಲ. ದಿನಗಟ್ಟಲೆ ತೆವಳಿಕೊಂಡು ಬಂತು. ಬೆಳಗ್ಗೆ ನೋಡಿದಾಗ ಕಾಣುತ್ತಿದ್ದ ಅಡಿಕೆ ಮರ ಸಂಜೆಗೆ ಇಲ್ಲ. ತೆಂಗಿನ ಮರದ ತಲೆ ಮಾತ್ರ ಕಸದ ಮೇಲೆ ಕಾಣುತ್ತಿತ್ತು. ಬಾವಿ, ತೋಟ, ಮನೆ ಎಲ್ಲಾ ಅದರ ಕೆಳಗೆ. ಅಲ್ಲಿದ್ದ ಕುಟುಂಬಗಳನ್ನು ಕುಲಶೇಖರದ ಹತ್ತಿರದ ಬೈರಾಡಿ ಕೆರೆ ಬಳಿಯ ಫ್ಲ್ಯಾಟುಗಳಿಗೆ ಕಳುಹಿಸಿದರು. ತೋಟದ ನಡುವೆ ಹುಟ್ಟಿ ಬೆಳೆದವರು ಎತ್ತರದ ಕಟ್ಟಡದಲ್ಲಿ ಕೂತು ಮಳೆ ನೋಡುವ ಹಾಗಾಯಿತು.

ಯಾಕೆ ಜರಿಯಿತು ಅಂದರೆ, ಅದು ಮಣ್ಣಲ್ಲ. ಒಂದು ಪದರ ಕೊಳೆತ ಅನ್ನ-ತರಕಾರಿ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಮತ್ತೆ ಅನ್ನ. ಪ್ಲಾಸ್ಟಿಕ್ ನೀರನ್ನು ಕೆಳಗೆ ಬಿಡುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ. ನೀರು ಪದರದ ನಡುವೆ ನಿಂತು ನಿಂತು ಕೊಳೆತದ್ದು ಜಾರುಬಂಡಿ ಆಗುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಅವತಾರ. ಗಾಳಿ ಸಿಗದೆ ಕೊಳೆತ ಹಸಿಕಸದಿಂದ ಮೀಥೇನ್ ಏಳುತ್ತದೆ, ಪಕ್ಕದಲ್ಲೇ ಪ್ಲಾಸ್ಟಿಕ್ಕು. ಒಂದು ಕಿಡಿ ಸಾಕು. 2023ರ ಜನವರಿಯಲ್ಲಿ ಬೆಂಕಿ ಹತ್ತಿ ಆ ಹೊಗೆಯನ್ನೂ ನಾವು ಕುಡಿದೆವು.

ಅಲ್ಲಿ ಒಟ್ಟಾದ ಹಳೇ ಕಸ ಸುಮಾರು 9 ಲಕ್ಷ ಟನ್ ಅಂತ ಅಂದಾಜು ಮಾಡಿದ್ದರು. ಅದನ್ನು ಅಗೆದು, ದೊಡ್ಡ ತಿರುಗುವ ಜರಡಿಯಲ್ಲಿ ಹಾಕಿ, ಮಣ್ಣು ಬೇರೆ, ಪ್ಲಾಸ್ಟಿಕ್ ಬೇರೆ, ಕಲ್ಲು ಬೇರೆ ಮಾಡುವ ಕೆಲಸಕ್ಕೆ ಕೋಟಿಗಟ್ಟಲೆ ಹಣ ಹೋಗುತ್ತದೆ. ನೀವು ಅಡುಗೆಮನೆಯಲ್ಲಿ ಹತ್ತು ಸೆಕೆಂಡಿನಲ್ಲಿ, ಖರ್ಚಿಲ್ಲದೆ ಮಾಡಬಹುದಾದ ಕೆಲಸವನ್ನು ಹತ್ತು ವರ್ಷದ ನಂತರ ಜೆಸಿಬಿ ಇಟ್ಟು ಮಾಡುವುದು.

ಒಂದೇ ಗಾಡಿಗೆ ಸುರಿದರು ಅಂತ ಹೇಳಿದ್ರಲ್ಲ, ಅದು ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಗಾಡಿಯ ಒಳಗೆ ಕೆಲವು ಸಲ ನಡುವೆ ತಗಡಿನ ಗೋಡೆ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಅದೂ ಇಲ್ಲದಿದ್ದರೆ ನಂಬರ್ ಸಮೇತ ಫೋಟೋ ತೆಗೆದು ನಿಮ್ಮ ವಾರ್ಡಿನ ಹೆಲ್ತ್ ಇನ್‌ಸ್ಪೆಕ್ಟರಿಗೆ ಕಳುಹಿಸಿ. ಅವರು ಬೆರೆಸಿದರು ಅಂತ ನೀವೂ ಬೆರೆಸಿದರೆ ಬರುವುದು ನಮ್ಮ ಮನೆ ಬಾಗಿಲಿಗೆ.

ನೋಡಿ ಸಾಕಾದವ:

ತಪ್ಪಾಯ್ತು ಅಣ್ಣ. ನೀವು ಆ ಕಡೆಯವರು ಅಂತ ಗೊತ್ತಿರಲಿಲ್ಲ.

ಕದ್ರಿ ಕಂಬಳ:

ಬಿಜೈ ಅಕ್ಕ, ಯಂತ್ರ ಮಾರುವವರು "ಇಲ್ಲದಿದ್ದರೆ ದಂಡ ಬೀಳುತ್ತದೆ" ಅಂತ ಹೆದರಿಸಿದ್ದಾರಾ? ನಮ್ಮಲ್ಲಿಗೂ ಬಂದಿದ್ದರು. ತಮ್ಮ ಹಸಿಕಸದ ಜವಾಬ್ದಾರಿ ತಾವೇ ಹೊರಬೇಕಾದವರು ದೊಡ್ಡ ಪ್ರಮಾಣದಲ್ಲಿ ಕಸ ಮಾಡುವವರು. ಕಟ್ಟಡ 20,000 ಚದರ ಮೀಟರ್ ಅಥವಾ ಜಾಸ್ತಿ, ಇಲ್ಲವೇ ದಿನಕ್ಕೆ 40,000 ಲೀಟರ್ ನೀರು, ಇಲ್ಲವೇ ದಿನಕ್ಕೆ 100 ಕೆಜಿ ಕಸ. ಈ ಮೂರರಲ್ಲಿ ಒಂದಾದರೂ ಇದ್ದರೆ ಮಾತ್ರ. ನಿಮ್ಮದು 24 ಮನೆ. ಲೆಕ್ಕ ಹಾಕಿ ನೋಡಿ. ನಾಲ್ಕು ಭಾಗ ಮಾಡುವುದು ಮಾತ್ರ ಎಲ್ಲರಿಗೂ ಕಡ್ಡಾಯ.

ಬಿಜೈ ಮೂರನೇ ಮಾಳಿಗೆ:

ಲೆಕ್ಕ ಅಂದರೆ ನನಗೆ ಬಿಡಿ. ನಿನ್ನೆ ಬಾತ್‌ರೂಮಿನ ತೂಕದ ಯಂತ್ರ ತೆಗೆದುಕೊಂಡು ಹೋಗಿ ಡ್ರಮ್ಮು ತೂಗಿದೆ. ವಾಚ್‌ಮ್ಯಾನ್ ನನ್ನ ಮುಖ ನೋಡಿದ. ಒಂದು ದಿನದ ಹಸಿಕಸ 23 ಕೆಜಿ. ಅಂದರೆ ಮನೆಗೆ ಒಂದು ಕೆಜಿಗಿಂತ ಸ್ವಲ್ಪ ಕಮ್ಮಿ. ನೀರು ಮೀಟರಿನ ಪ್ರಕಾರ ದಿನಕ್ಕೆ 11,000 ಲೀಟರಿನ ಆಸುಪಾಸು. ನಾವು ದೊಡ್ಡವರಲ್ಲ. ಎರಡು ಲಕ್ಷ ಉಳಿಯಿತು.

ಆದರೂ ಆ 23 ಕೆಜಿ ನಮ್ಮಲ್ಲೇ ಮುಗಿಸಬೇಕು ಅಂತ ಮನಸ್ಸಾಗಿದೆ. ವಾಮಂಜೂರಿನವರು ಬರೆದದ್ದು ಓದಿದ ಮೇಲೆ ರಾತ್ರಿ ಸರಿ ನಿದ್ದೆ ಬರಲಿಲ್ಲ. 2019ರಲ್ಲಿ ಆ ಸುದ್ದಿ ಟಿವಿಯಲ್ಲಿ ಬಂದಾಗ ನಾನು ಚಾನಲ್ ಬದಲಿಸಿದವಳು.

ಬೆಲ್ಟಿನ ಪಕ್ಕ ನಿಂತವ:

ನಾನು ಉಡುಪಿ ಜಿಲ್ಲೆಯವ. ಒಂದು ಒಣಕಸ ಘಟಕದಲ್ಲಿ ಕೆಲಸ. ಮೀನಿನ ಬಗ್ಗೆ ಬೇರೆಯವರು ಹೇಳಲಿ, ನಾನು ಒಣಕಸದ್ದು ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಇದು ಪೇಟೆಗಿಂತ ಹಳ್ಳಿಯಲ್ಲೇ ಚೆನ್ನಾಗಿ ಹಿಡಿದದ್ದು. ಕುಂದಾಪುರ ಕಡೆಯ ವಂಡ್ಸೆ ಪಂಚಾಯತಿನ ಘಟಕ ನೋಡಲಿಕ್ಕೆ ಬೇರೆ ಬೇರೆ ಊರಿನವರು ಬರುತ್ತಿದ್ದರು. ಆಮೇಲೆ ಕಾರ್ಕಳದ ಹತ್ತಿರ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ಹಿಡಿಸುವ ದೊಡ್ಡ ಘಟಕ ಬಂತು. ಸುತ್ತಲಿನ ಪಂಚಾಯತ್‌ಗಳ ಒಣಕಸ ಅಲ್ಲಿಗೆ ಬರುತ್ತದೆ. ಒಂದೊಂದು ಪಂಚಾಯತ್ ಯಂತ್ರ ಇಡುವುದಕ್ಕಿಂತ ಇದು ಮೇಲು. ಮಾಲು ಜಾಸ್ತಿ ಇದ್ದರೆ ಮಾತ್ರ ಕೊಳ್ಳುವವರು ಲಾರಿ ಕಳುಹಿಸುತ್ತಾರೆ.

ಬೆಲ್ಟು ಅಂದರೆ ನಡೆಯುವ ಮೇಜು. ಎರಡು ಬದಿಯಲ್ಲಿ ನಾವು ನಿಲ್ಲುತ್ತೇವೆ. ಒಬ್ಬರು ನೀರಿನ ಬಾಟ್ಲಿ ಮಾತ್ರ ಹೆಕ್ಕುವುದು, ಒಬ್ಬರು ಹಾಲಿನ ಪ್ಯಾಕೆಟ್, ಒಬ್ಬರು ರಟ್ಟು. ಬೆಲ್ಟು ನಿಮಗೋಸ್ಕರ ನಿಲ್ಲುವುದಿಲ್ಲ. ಕಣ್ಣಿಗೆ ಬಿದ್ದದ್ದು ಎರಡು ಸೆಕೆಂಡಿನಲ್ಲಿ ಕೈಗೆ ಬರಬೇಕು. ಗಂಟು ಹಾಕಿದ ಚೀಲ ಬಂದರೆ ಬಿಚ್ಚಲಿಕ್ಕೆ ಪುರುಸೊತ್ತಿಲ್ಲ. ಒಳಗೆ ಚಿನ್ನ ಇದ್ದರೂ ಅದು ಹಾಗೇ ಮುಂದೆ ಹೋಗುತ್ತದೆ. ಅದಕ್ಕೆ ಒಣಕಸವನ್ನು ಸಣ್ಣ ಸಣ್ಣ ಗಂಟು ಕಟ್ಟಿ ಕೊಡಬೇಡಿ. ಒಂದೇ ದೊಡ್ಡ ಗೋಣಿಯಲ್ಲಿ ಬಿಡಿಯಾಗಿ ಕೊಡಿ.

ಹಾಲಿನ ಪ್ಯಾಕೆಟಿನ ವಿಷಯ ಒಂದು ಹೇಳಲೇಬೇಕು. ನೀವು ಮೂಲೆ ಕತ್ತರಿಸಿ ಆ ಚೂರನ್ನು ಬಿಸಾಡುತ್ತೀರಲ್ಲ, ಆ ತ್ರಿಕೋನದ ಚೂರು ನಮ್ಮ ಕೈಗೆ ಸಿಗುವುದಿಲ್ಲ. ಬೆಲ್ಟಿನ ಅಂಚಿನಲ್ಲಿ ಉದುರಿ ಮಣ್ಣಿಗೆ ಹೋಗುತ್ತದೆ. ಪೂರ್ತಿ ಕತ್ತರಿಸಬೇಡಿ, ಚೂರು ಪ್ಯಾಕೆಟಿಗೇ ಅಂಟಿಕೊಂಡಿರಲಿ. ಒಂದು ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಚೆಲ್ಲಿ, ಪ್ಯಾಕೆಟ್ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ. ಒಣಗಿದ ಹಾಲಿನ ಪ್ಯಾಕೆಟಿಗೆ ಗುಜರಿಯವರೂ ದುಡ್ಡು ಕೊಡುತ್ತಾರೆ. ಹಾಲು ಹುಳಿಯಾದ ಪ್ಯಾಕೆಟನ್ನು ಯಾರೂ ಮುಟ್ಟುವುದಿಲ್ಲ.

ಚಿಪ್ಸ್ ಪ್ಯಾಕೆಟು, ಬಿಸ್ಕೆಟಿನ ಹೊಳೆಯುವ ಕಾಗದ ಇವುಗಳಿಗೆ ಗುಜರಿಯಲ್ಲಿ ಬೆಲೆ ಇಲ್ಲ. ಎರಡು ಮೂರು ಬಗೆಯದ್ದು ಒಂದಕ್ಕೊಂದು ಅಂಟಿಸಿದ್ದು, ಬಿಡಿಸಲಿಕ್ಕಾಗುವುದಿಲ್ಲ. ಅವನ್ನು ಒತ್ತಿ ಬೇಲು, ಅಂದರೆ ದೊಡ್ಡ ಗಟ್ಟಿ ಕಟ್ಟು, ಕಟ್ಟಿ ಸಿಮೆಂಟ್ ಕಾರ್ಖಾನೆಗೆ ಕಳುಹಿಸುತ್ತಾರೆ, ಅಲ್ಲಿ ಕಲ್ಲಿದ್ದಲಿನ ಜೊತೆ ಉರಿಯುತ್ತದೆ. ಆದರೆ ಒದ್ದೆ ಇದ್ದರೆ ಅದಕ್ಕೂ ಬೇಡ. ಮೀನು ತಂದ ಪ್ಲಾಸ್ಟಿಕ್ ಚೀಲ ತೊಳೆಯದೆ ಹಾಕುವವರಿಗೆ ಒಂದು ದಿನ ನಮ್ಮಲ್ಲಿ ಊಟಕ್ಕೆ ಬನ್ನಿ ಅಂತ ಹೇಳಿಕೆ. ಆ ಒಂದು ಚೀಲಕ್ಕೆ ಊರಿನ ಬೆಕ್ಕೆಲ್ಲಾ ಬರುತ್ತವೆ. ಪಾತ್ರೆ ತೆಗೆದುಕೊಂಡು ಹೋಗಿ ಮೀನು ತನ್ನಿ.

ಇನ್ನು ಆ ನಾಲ್ಕನೇ ಬಕೆಟ್, ಬಲ್ಬು-ಬ್ಯಾಟರಿಯದ್ದು. ಅದು ದಿನಾ ತುಂಬುವುದಿಲ್ಲ. ಇಡೀ ಕಟ್ಟಡಕ್ಕೆ ಒಂದು ಸಾಕು, ವಾಚ್‌ಮ್ಯಾನ್ ಕೋಣೆಯಲ್ಲಿ ಇಡಿ. ಆದರೆ ಇಡಲೇಬೇಕು. ಊದಿದ ಮೊಬೈಲ್ ಬ್ಯಾಟರಿ ಒಣಕಸದ ಜೊತೆ ಬಂದು ಬೇಲು ಒತ್ತುವ ಯಂತ್ರಕ್ಕೆ ಸಿಕ್ಕಿದರೆ ಬೆಂಕಿಯೇ. ನಮ್ಮಲ್ಲಿ ಒಮ್ಮೆ ಹೊಗೆ ಬಂದಿತ್ತು. ಆ ದಿನದಿಂದ ಟಿವಿ ರಿಮೋಟ್ ಕಂಡರೂ ನಾನು ಹಿಂಬದಿ ಬಿಚ್ಚಿ ನೋಡುತ್ತೇನೆ.

ಡೈಪರಿನ ಬಗ್ಗೆ: ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಬೇರೆಯೇ ಕೊಡಿ ಮೇಡಂ. ಬ್ರೆಡ್ ಪ್ಯಾಕೆಟಿನಲ್ಲಿ ಹಾಕಿದರೆ ಮೇಲಿನಿಂದ ಬ್ರೆಡ್ಡೇ ಕಾಣುತ್ತದೆ, ನಾವು ಕೈ ಹಾಕುತ್ತೇವೆ.

ಬಿಜೈ ಮೂರನೇ ಮಾಳಿಗೆ:

ಮಗಳಿಗೆ ಓದಿ ಹೇಳಿದೆ. ಕೆಂಪು ಸ್ಕೆಚ್ ಪೆನ್ನು ಫ್ರಿಜ್ಜಿಗೆ ನೇತು ಹಾಕಿದ್ದಾಳೆ.

ಉರ್ವದ ಹಿತ್ತಿಲು:

ಈ ಕಟ್ಟೆಗೆ ನಾನು ಬರುವುದು ಕಮ್ಮಿ, ಕಣ್ಣು ಸರಿ ಕಾಣುವುದಿಲ್ಲ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ನನಗೆ 72. ರಾಮಕೃಷ್ಣ ಮಿಷನ್ನಿನವರ ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ಪಾಟ್ ಕಾಂಪೋಸ್ಟ್, ಅಂದರೆ ಮಡಕೆಯಲ್ಲಿ ಗೊಬ್ಬರ ಮಾಡುವುದು, ಹೇಳಿಕೊಟ್ಟ ಮೇಲೆ ಶುರು ಮಾಡಿದೆ. ಮೊದಲ ಮಳೆಗಾಲದಲ್ಲಿ ಹಾಳು ಮಾಡಿದೆ, ಎರಡನೆಯದ್ದರಲ್ಲಿ ಕಲಿತೆ.

ಮೊದಲು ಯಂತ್ರದ್ದು. 24 ಗಂಟೆಯಲ್ಲಿ ಗೊಬ್ಬರ ಆಗುವುದಿಲ್ಲ. ನನ್ನ ನಾದಿನಿಯ ಅಪಾರ್ಟ್‌ಮೆಂಟಿನಲ್ಲಿ ಉಂಟು, ನೋಡಿದ್ದೇನೆ. ಅದು ಕಸವನ್ನು ಅರೆದು ಬಿಸಿ ಮಾಡಿ ಒಣಗಿಸುತ್ತದೆ. ಕಾಫಿ ಹುಡಿಯ ಹಾಗೆ ಕಾಣುತ್ತದೆ. ಅದಕ್ಕೆ ನೀರು ತಾಗಿಸಿ ನೋಡಿ, ಎರಡು ದಿನದಲ್ಲಿ ಬೂಷ್ಟು ಬಂದು ನಾತ ಏಳುತ್ತದೆ. ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಮತ್ತೆ ಒಂದು ತಿಂಗಳು ಕೊಳೆಯಲಿಕ್ಕೆ ಬಿಡಬೇಕು. ಹೇಗೂ ಕೊಳೆಯಲಿಕ್ಕೆ ಬಿಡುವುದಾದರೆ ಯಂತ್ರ ಯಾಕೆ?

ಗುಂಡಿಯೂ ಬೇಡ. ಎರಡನೇ ಮಾಳಿಗೆಯವರ ಅಜ್ಜಿಗೆ ಎರಡು ಎಕರೆ ತೋಟ ಇದ್ದಿರಬೇಕು. ನಿಮ್ಮಲ್ಲಿ ಬಾವಿ ಹತ್ತಿರ ಉಂಟು. ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಗುಂಡಿಯ ಕೊಳೆನೀರು ಇಳಿದು ಬಾವಿಗೆ ಸೇರುತ್ತದೆ. ಜೂನ್ ತಿಂಗಳಲ್ಲಿ ಗುಂಡಿ ಕೆರೆ ಆಗುತ್ತದೆ, ಅದರಲ್ಲಿ ಸೊಳ್ಳೆ ಬೇರೆ.

ನೆಲದಿಂದ ಮೇಲೆ ತೊಟ್ಟಿ ಕಟ್ಟಿ. ಬಾವಿಯಿಂದ ಆದಷ್ಟು ದೂರ, ತೆಂಗಿನ ಮರದ ಆಚೆ. ಕೆಳಗೆ ಸಿಮೆಂಟಿನ ನೆಲ, ಒಂದು ಬದಿಗೆ ಸ್ವಲ್ಪ ಇಳಿಜಾರು, ಇಳಿದ ನೀರು ಒಂದು ಬಾಲ್ದಿಗೆ ಬೀಳುವ ಹಾಗೆ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. ಇಟ್ಟಿಗೆಯ ನಡುವೆ ಎರಡು ಬೆರಳು ಸಂದು ಬಿಟ್ಟು ಕಟ್ಟಬೇಕು, ಗಾಳಿ ಆಡಬೇಕು. ಸಂದಿಗೆ ಒಳಗಿನಿಂದ ಕಬ್ಬಿಣದ ಬಲೆ ಹೊಡೆಯಿರಿ, ಇಲ್ಲದಿದ್ದರೆ ಹೆಗ್ಗಣ ಸಂಸಾರ ಹೂಡುತ್ತದೆ. ಇಂಥದ್ದು ಮೂರು ಬೇಕು. ನಿಮ್ಮ 23 ಕೆಜಿಗೆ ಒಂದು ತುಂಬಲಿಕ್ಕೆ ಒಂದು ತಿಂಗಳು ಹಿಡಿಯುತ್ತದೆ, ಯಾಕಂದರೆ ಹಾಕಿದ ಹಾಗೇ ಕುಗ್ಗುತ್ತಾ ಹೋಗುತ್ತದೆ. ಮೂರನೆಯದ್ದು ತುಂಬುವಾಗ ಮೊದಲನೆಯದ್ದು ಹುಡಿಯಾಗಿರುತ್ತದೆ.

ಮಳೆಗಾಲಕ್ಕೆ ಮೇಲೆ ಶೀಟು ಹಾಕಿ. ತೊಟ್ಟಿಯ ಮೇಲೆ ಮಾತ್ರ ಅಲ್ಲ, ನಾಲ್ಕೂ ಬದಿಗೆ ಎರಡಡಿ ಹೊರಗೆ ಚಾಚಬೇಕು. ನಮ್ಮ ಮಳೆ ನೇರ ಬೀಳುವುದಿಲ್ಲ, ಅಡ್ಡ ಬೀಳುತ್ತದೆ.

ಗುಟ್ಟು ಏನಿದ್ದರೂ ಒಣ ಎಲೆಯಲ್ಲಿ. ಒಂದು ಬಕೆಟ್ ಹಸಿಕಸಕ್ಕೆ ಅರ್ಧ ಬಕೆಟ್ ಒಣಗಿದ್ದು. ಅದನ್ನು ಜನವರಿಯಿಂದ ಏಪ್ರಿಲ್ ಒಳಗೆ ಹೆಕ್ಕಿ ಇಡಬೇಕು. ನಿಮ್ಮ ರಸ್ತೆಯಲ್ಲಿ ಗುಡಿಸಿ ಬೆಂಕಿ ಹಾಕುತ್ತಾರಲ್ಲ, ಅದನ್ನು ಗೋಣಿಯಲ್ಲಿ ತುಂಬಿ ಮೆಟ್ಟಿಲ ಕೆಳಗೆ ಇಟ್ಟುಕೊಳ್ಳಿ. ನಾನು ಮೊದಲ ವರ್ಷ ಎರಡೇ ಗೋಣಿ ಇಟ್ಟುಕೊಂಡು ಜುಲೈಯಲ್ಲಿ ಮುಗಿಸಿ ಕೂತೆ. ಎಲೆ ಮುಗಿದರೆ ತೆಂಗಿನ ನಾರಿನ ಹುಡಿ, ಅದೂ ಇಲ್ಲದಿದ್ದರೆ ಮರದ ಮಿಲ್ಲಿನ ಹುಡಿ. ಮೊದಲ ಸಲ ಶುರು ಮಾಡುವಾಗ ಒಂದು ಬುಟ್ಟಿ ಸಗಣಿ, ಆಮೇಲೆ ಆಗಾಗ ಹುಳಿ ಮಜ್ಜಿಗೆ ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಒದ್ದೆ ಜಾಸ್ತಿ, ಹುಡಿ ಹಾಕಿ. ಉಂಡೆ ಕಟ್ಟದೆ ಉದುರಿದರೆ ನೀರು ಚಿಮುಕಿಸಿ. ಉಂಡೆ ನಿಂತರೆ ಸರಿ.

ಬಿಳಿ ಹುಳ ಬರುತ್ತದೆ. ಬೊಬ್ಬೆ ಹಾಕಬೇಡಿ. ಅವೂ ಕೆಲಸ ಮಾಡುತ್ತವೆ. ಗೋಡೆ ಹತ್ತಿ ಹೊರಗೆ ಬರುತ್ತಿದ್ದರೆ ಮಾತ್ರ ಒಳಗೆ ಒದ್ದೆ ಜಾಸ್ತಿ ಅಂತ ಲೆಕ್ಕ.

ಹಲಸಿನ ಕಾಲದಲ್ಲಿ ಜಾಗ್ರತೆ. ರೆಚ್ಚೆಯನ್ನು, ಅಂದರೆ ಮುಳ್ಳಿನ ಸಿಪ್ಪೆಯನ್ನು, ಇಡಿಯಾಗಿ ಹಾಕಿದರೆ ದೀಪಾವಳಿಗೂ ಹಾಗೇ ಇರುತ್ತದೆ. ಕೊಚ್ಚಿ ಹಾಕಿ. ತೆಂಗಿನ ಗೆರಟೆ ಹಾಕಲೇಬೇಡಿ, ಹಂಡೆ ಒಲೆ ಇರುವವರಿಗೆ ಕೊಡಿ. ಬೊಂಡದ (ಎಳನೀರಿನ) ಚಿಪ್ಪು ಮಳೆಗೆ ಬಾಯಿ ಮೇಲೆ ಮಾಡಿ ಬಿದ್ದಿದ್ದರೆ ಮಲೇರಿಯಾಕ್ಕೆ ಚಾಪೆ ಹಾಸಿ ಕರೆದ ಹಾಗೆ. ಸೀಳಿ ಒಣಗಿಸಿ.

ಈಗ ಮೀನು. ಎರಡು ದಾರಿ ಉಂಟು.

ತೊಟ್ಟಿಗೇ ಹಾಕುವುದಾದರೆ ಮೇಲೆ ಹಾಕಬಾರದು. ನಡುವೆ ಮೊಣಕೈ ಆಳ ಬಗೆದು, ಅದರೊಳಗೆ ತಲೆ-ಕರುಳು ಹಾಕಿ, ನಾಲ್ಕು ಬೆರಳು ದಪ್ಪ ಹುಡಿ ಮುಚ್ಚಿ, ಮೇಲೆ ಹಳೇ ಕಸ ಎಳೆಯಬೇಕು. ತೊಟ್ಟಿಯ ನಡುವೆ ಕೈ ಇಟ್ಟರೆ ಬಿಸಿ ಗೊತ್ತಾಗುತ್ತದೆ, ಆ ಬಿಸಿಯಲ್ಲಿ ಬಂಗುಡೆ ತಲೆ ಹತ್ತು ದಿನದಲ್ಲಿ ಮುಳ್ಳು ಮಾತ್ರ ಉಳಿಯುತ್ತದೆ. ಮುಚ್ಚುವುದು ಮರೆತರೆ ಕಾಗೆ, ಬೆಕ್ಕು, ಅಕ್ಕಪಕ್ಕದವರು ಎಲ್ಲರೂ ಬರುತ್ತಾರೆ.

ಇನ್ನೊಂದು ದಾರಿ ಬೆಲ್ಲದ್ದು. ಮೀನಿನ ಕಸ ಎಷ್ಟೋ ಅಷ್ಟೇ ತೂಕದ ಕಪ್ಪು ಬೆಲ್ಲ. ಎರಡನ್ನೂ ಕಲಸಿ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಮುಚ್ಚಳ ಸಡಿಲ ಇಡಿ. ಗಟ್ಟಿ ಮುಚ್ಚಿದರೆ ಗ್ಯಾಸು ತುಂಬಿ ಸಿಡಿಯುತ್ತದೆ. ನನ್ನದೊಂದು ಸಿಡಿದು ಅಟ್ಟದ ಗೋಡೆಯಲ್ಲಿ ಇನ್ನೂ ಗುರುತು ಉಂಟು. ಮೂರು ನಾಲ್ಕು ವಾರದಲ್ಲಿ ಜೇನಿನ ಹಾಗೆ ಕಪ್ಪು ರಸ ಆಗುತ್ತದೆ. ಸೋಸಿ, ಒಂದು ಲೀಟರ್ ನೀರಿಗೆ ಒಂದು ಚಮಚ ಬೆರೆಸಿ ಗಿಡಕ್ಕೆ. ನಾತ ಬರುತ್ತದಾ ಅಂದರೆ, ಮೊದಲ ವಾರ ಸ್ವಲ್ಪ, ಆಮೇಲೆ ಹುಳಿ-ಸಿಹಿ ವಾಸನೆ. ನನ್ನ ಮಲ್ಲಿಗೆ ಗಿಡ ಹಿತ್ತಿಲಿನ ಕಟ್ಟಪುಣಿ (ಬದು) ತನಕ ಹಬ್ಬಿದ್ದು ಇದರಿಂದಲೇ.

ಬಿಜೈ ಮೂರನೇ ಮಾಳಿಗೆ:

ಅಮ್ಮ, ನಿಮಗೆ ಎಷ್ಟು ಹೇಳಿದರೂ ಸಾಲದು. ಒಂದೇ ಒಂದು ಪ್ರಶ್ನೆ. ನಮ್ಮಲ್ಲಿ ಆರು ಮನೆಯವರು ಮೀನು ತಿನ್ನುವುದಿಲ್ಲ. ತೊಟ್ಟಿಗೆ ಮೀನು ಹಾಕಿದರೆ ಆ ಗೊಬ್ಬರವನ್ನು ತುಳಸಿಗೆ ಹಾಕುವುದು ಹೇಗೆ ಅಂತ ಕೇಳುತ್ತಾರೆ.

ಉರ್ವದ ಹಿತ್ತಿಲು:

ಮೂರು ತೊಟ್ಟಿ ಉಂಟಲ್ಲ. ಒಂದಕ್ಕೆ ಮೀನು ಹಾಕಬೇಡಿ. ಅದರ ಮೇಲೆ ತುಳಸಿ ಅಂತ ಬರೆಯಿರಿ.

ಬಿಜೈ ಮೂರನೇ ಮಾಳಿಗೆ:

ಮೀಟಿಂಗ್ ಆಯಿತು. ಬೇಕಾದವರಿಗೆ ವರದಿ.

24 ಮನೆಯಲ್ಲಿ 17 ಮನೆಯವರು ಬಂದಿದ್ದರು, ಪಂಚಕಜ್ಜಾಯ ಇಟ್ಟಿದ್ದೆ. ಯಂತ್ರ ಬೇಡ ಅಂತಾಯಿತು. ಮೂರು ತೊಟ್ಟಿಗೆ ಒಪ್ಪಿಗೆ, ಮೇಸ್ತ್ರಿಯ ಲೆಕ್ಕದ ಪ್ರಕಾರ ಮನೆಗೆ ಎರಡು ಸಾವಿರದ ಒಳಗೆ ಬರುತ್ತದೆ. ತುಳಸಿ ತೊಟ್ಟಿಯ ಮಾತು ಹೇಳಿದ್ದೇ ಆರು ಮನೆಯವರೂ ಕೈ ಎತ್ತಿದರು. ಗಲಾಟೆ ಆದದ್ದು ಬೇರೆ ವಿಷಯಕ್ಕೆ: ದಿನಾ ಹುಡಿ ಮುಚ್ಚುವವರು ಯಾರು? ವಾಚ್‌ಮ್ಯಾನ್ ಮಾಡಲಿ ಅಂತ ನಾಲ್ಕೈದು ಜನ. ನಾನು ಆಗುವುದಿಲ್ಲ ಅಂದೆ. ನಮ್ಮ ಬಂಗುಡೆ, ನಾವೇ ಮುಚ್ಚುವುದು. ಕಡೆಗೆ ಮಾಳಿಗೆಗೆ ಒಂದು ವಾರದ ಪಾಳಿ. ಮೊದಲ ವಾರ ಮೂರನೇ ಮಾಳಿಗೆ, ಅಂದರೆ ನಾನೇ.

ಗಾಡಿಯ ಜೊತೆ ಬರುವ ಆ ಹೆಂಗಸಿಗೆ ಅಸೋಸಿಯೇಷನ್ ಲೆಕ್ಕದಲ್ಲಿ ದಪ್ಪ ರಬ್ಬರಿನ ಗ್ಲೌಸು ಎರಡು ಜೊತೆ ತೆಗೆದುಕೊಟ್ಟೆ. ಒಡೆದ ಗ್ಲಾಸಿಗೆ ಒಂದು ಹಳೇ ಪೈಂಟ್ ಡಬ್ಬ ಇಟ್ಟಿದ್ದೇವೆ. ಅವರು ಡಬ್ಬದೊಳಗೆ ಬಗ್ಗಿ ನೋಡಿ, "ಇಷ್ಟು ಗ್ಲಾಸು ಒಡೀತೀರಾ ನೀವು?" ಅಂದರು.

ಒಂದು ಸಂಶಯ ಮಾತ್ರ ಉಳಿದಿದೆ. ಒಂದನೇ ಮಾಳಿಗೆಯವರು ನಿನ್ನೆ ಎರಡು ಕೆಜಿ ಮರುವಾಯಿ (ಚಿಪ್ಪುಮೀನು) ತಂದಿದ್ದಾರೆ. ಚಿಪ್ಪಿನ ರಾಶಿ ನನ್ನ ಬಾಗಿಲಲ್ಲಿ ತಂದಿಟ್ಟು "ಇದು ಯಾವ ಬಕೆಟಿಗೆ?" ಅಂತ ಕೇಳುತ್ತಿದ್ದಾರೆ. ಹಸಿಯಾ, ಒಣವಾ?

ಉರ್ವದ ಹಿತ್ತಿಲು:

ಎರಡೂ ಅಲ್ಲ. ಹಿಂದೆ ಆ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಗೋಣಿಯಲ್ಲಿ ಹಾಕಿ ಕಲ್ಲಿನಿಂದ ಕುಟ್ಟಿ ತೆಂಗಿನ ಬುಡಕ್ಕೆ ಹರಡಿ, ನಮ್ಮ ಹುಳಿ ಮಣ್ಣಿಗೆ ಒಳ್ಳೆಯದು. ಆಮೇಲೆ ಬರಿಗಾಲಲ್ಲಿ ಆ ಕಡೆ ಹೋಗಬೇಡಿ.